ಕೋಲಾರದ ಕೆರೆಗಳಿಗೊಂದು ಆಂಟಾಲಜಿ: ಇರುವುದನ್ನು ಬಳಸಿಕೊಂಡು ಹೊಸದನ್ನು ಕಟ್ಟುವ ಬಗೆ

ಕೋಲಾರ ಜಿಲ್ಲೆಯ ಒಂದು ಕೆರೆಯ ಬಗ್ಗೆ ಪೂರ್ತಿ ಮಾಹಿತಿ ಬೇಕು ಅಂದುಕೊಳ್ಳಿ. ಸಣ್ಣ ನೀರಾವರಿ ಇಲಾಖೆಯ ಪಟ್ಟಿ ಒಂದು ಕಡೆ ಇರುತ್ತದೆ. ಪಂಚಾಯಿತಿ ರಿಜಿಸ್ಟರ್ ಇನ್ನೊಂದು ಕಡೆ. ಪಹಣಿಯಲ್ಲಿ ಎಕರೆ-ಗುಂಟೆ, ಇಲಾಖೆ ಪಟ್ಟಿಯಲ್ಲಿ ಹೆಕ್ಟೇರ್. ಊರವರು ಕರೆಯುವ ಹೆಸರು ಒಂದಾದರೆ ನಕ್ಷೆಯಲ್ಲಿರುವ ಹೆಸರು ಮತ್ತೊಂದು. ಮನುಷ್ಯರು ಇದನ್ನೆಲ್ಲ ಹೇಗೋ ಹೊಂದಿಸಿಕೊಂಡು ಓದುತ್ತಾರೆ. ಕಂಪ್ಯೂಟರ್‌ಗೆ ಅದು ಬರುವುದಿಲ್ಲ.

ಇಲ್ಲೇ ಆಂಟಾಲಜಿ ಬೇಕಾಗುವುದು. ಒಂದು ವಿಷಯದಲ್ಲಿ ಯಾವ್ಯಾವ ಬಗೆಯ ವಸ್ತುಗಳಿವೆ, ಅವುಗಳ ನಡುವೆ ಯಾವ ಸಂಬಂಧಗಳಿವೆ, ಯಾವ ನಿಯಮ ತಪ್ಪಬಾರದು ಅನ್ನುವುದನ್ನು ಯಂತ್ರಕ್ಕೆ ತಿಳಿಯುವಂತೆ ಬರೆದಿಟ್ಟರೆ ಅದೇ ಆಂಟಾಲಜಿ. ಬಗೆಗಳಿಗೆ ಕ್ಲಾಸ್ ಅಂತಲೂ ಸಂಬಂಧಗಳಿಗೆ ಪ್ರಾಪರ್ಟಿ ಅಂತಲೂ ಹೆಸರು. ಪ್ರತಿಯೊಂದಕ್ಕೂ ವೆಬ್ ವಿಳಾಸದಂಥ ಒಂದು ಗುರುತು ಇರುತ್ತದೆ, ಅದು ಐಆರ್‌ಐ. ಟಿಮ್ ಬರ್ನರ್ಸ್-ಲೀ ಮತ್ತು ಅವರ ಇಬ್ಬರು ಜೊತೆಗಾರರು ಸೆಮ್ಯಾಂಟಿಕ್ ವೆಬ್‌ನ, ಅಂದರೆ ಯಂತ್ರಗಳಿಗೂ ಅರ್ಥ ತಿಳಿಯುವ ವೆಬ್‌ನ, ಕನಸನ್ನು 2001ರಲ್ಲಿ ಜನರ ಮುಂದಿಟ್ಟರು. 2004ರಲ್ಲಿ ಆಂಟಾಲಜಿ ಬರೆಯುವ ಭಾಷೆ ಓಡಬ್ಲ್ಯೂಎಲ್, ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಮಾನದಂಡವಾಯಿತು. ಅಲ್ಲಿಂದೀಚೆಗೆ ಜಗತ್ತಿನಲ್ಲಿ ಸಾವಿರಾರು ಆಂಟಾಲಜಿಗಳು ಬಂದಿವೆ. ಆದ್ದರಿಂದ ನಾವು ಮೊದಲ ಸಾಲಿನಿಂದ ಶುರು ಮಾಡುವ ಅಗತ್ಯವಿಲ್ಲ.

ಇದ್ದದ್ದನ್ನು ಬಳಸಿದರೆ ಶ್ರಮ ಉಳಿಯುತ್ತದೆ ಅನ್ನುವುದು ಅರ್ಧ ಮಾತು. ನಿಮ್ಮ ಕೆರೆಯ ನೀರಿನ ಮಟ್ಟವನ್ನೂ ಬೇರೆಯವರ ಮಳೆ ಮಾಪಕದ ಲೆಕ್ಕವನ್ನೂ ಒಂದೇ ಆಂಟಾಲಜಿಯಲ್ಲಿ ಬರೆದಿದ್ದರೆ ಎರಡನ್ನೂ ಸೇರಿಸಿ ಪ್ರಶ್ನೆ ಕೇಳಬಹುದು, ದೊಡ್ಡ ಲಾಭ ಅದು. ಆದರೆ ಒಂದು ಎಚ್ಚರ ಬೇಕು. ಬೇರೆಯವರ ಆಂಟಾಲಜಿಯಿಂದ ಒಂದು ಪದ ತಂದರೆ ಅದರ ಹಿಂದಿರುವ ನಿಯಮಗಳೂ ಜೊತೆಗೇ ಬರುತ್ತವೆ. ಈ ಲೇಖನದ ಬಹುಪಾಲು ಆ ಒಂದು ಮಾತಿನ ಸುತ್ತಲೇ ಇದೆ.

ಮೊದಲು ಪ್ರಶ್ನೆಗಳು, ಆಮೇಲೆ ಹುಡುಕಾಟ

ಸಾಫ್ಟ್‌ವೇರ್ ತೆರೆಯಬೇಡಿ. ಒಂದು ಹಾಳೆ ತೆಗೆದುಕೊಂಡು, ನಿಮ್ಮ ಆಂಟಾಲಜಿ ಯಾವ ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಅಂತ ಬರೆಯಿರಿ. ಕೆರೆಗಳ ವಿಷಯದಲ್ಲಿ ಹೀಗಿರಬಹುದು:

ಈ ಕೆರೆ ಕೋಡಿ ಹರಿದರೆ ನೀರು ಮುಂದೆ ಯಾವ ಕೆರೆಗೆ ಹೋಗುತ್ತದೆ?
ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಯಾವ ಕೆರೆಗಳಿಗೆ ಬಂದಿದೆ, ಯಾವಾಗಿನಿಂದ?
ಅಚ್ಚುಕಟ್ಟು ಎಷ್ಟು, ಅಲ್ಲಿ ಏನು ಬೆಳೆಯುತ್ತಾರೆ?
ಕೊನೆಯ ಸಲ ಹೂಳು ತೆಗೆದದ್ದು ಯಾವಾಗ, ಯಾವ ದಾಖಲೆಯ ಪ್ರಕಾರ?

ಹತ್ತು ಹದಿನೈದು ಪ್ರಶ್ನೆ ಸಾಕು. ಒಬ್ಬರೇ ಕೂತು ಬರೆಯುವುದಕ್ಕಿಂತ ಅಚ್ಚುಕಟ್ಟಿನ ಒಬ್ಬ ರೈತರನ್ನೂ ಇಲಾಖೆಯ ಒಬ್ಬ ಎಂಜಿನಿಯರನ್ನೂ ಕೇಳಿ ಬರೆಯುವುದು ಒಳ್ಳೆಯದು. ಇಬ್ಬರ ಪ್ರಶ್ನೆಗಳೂ ಬೇರೆ ಬೇರೆ ಇರುತ್ತವೆ. ಈ ಪಟ್ಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಕೊನೆಯಲ್ಲಿ ಪರೀಕ್ಷೆ ನಡೆಯುವುದು ಇದರಿಂದಲೇ.

ಈಗ ಪ್ರಶ್ನೆಗಳಲ್ಲಿರುವ ಮುಖ್ಯ ಪದಗಳ ಕೆಳಗೆ ಗೆರೆ ಎಳೆಯಿರಿ. ಅವು ಎರಡು ಗುಂಪಾಗಿ ಬೀಳುತ್ತವೆ. ಜಾಗ, ಕಾಲ, ಅಳತೆ, ಬೆಳೆ, ದಾಖಲೆಯ ಮೂಲ, ಇವೆಲ್ಲ ಜಗತ್ತಿಗೇ ಸೇರಿದ ವಿಷಯಗಳು. ಬೇರೆಯವರು ನಮಗಿಂತ ಚೆನ್ನಾಗಿ ಯೋಚಿಸಿ ಬರೆದಿದ್ದಾರೆ, ತಂದುಕೊಳ್ಳಿ. ತೂಬು, ಕೋಡಿ, ಏರಿ, ರಾಜಕಾಲುವೆ, ಅಚ್ಚುಕಟ್ಟು, ನೀರುಗಂಟಿ, ಇವು ನಮ್ಮವು. ಇವನ್ನು ಬರೆಯಬೇಕಾದವರು ನಾವೇ. ಹೊಸಬರು ಸಾಮಾನ್ಯವಾಗಿ ಇದನ್ನು ಉಲ್ಟಾ ಮಾಡುತ್ತಾರೆ. ದಿನಾಂಕಕ್ಕೂ ಅಳತೆಗೂ ಸ್ವಂತ ಕ್ಲಾಸ್ ಕಟ್ಟುತ್ತಾರೆ, ತೂಬನ್ನು ಮಾತ್ರ ಯಾವುದೋ ವಿದೇಶಿ ಆಂಟಾಲಜಿಯ ಗೇಟ್ ವಾಲ್ವ್‌ಗೆ ಅಂಟಿಸುತ್ತಾರೆ.

ಎಲ್ಲಿ ಹುಡುಕಬೇಕು

ಸಾಮಾನ್ಯ ವಿಷಯಗಳಿಗೆ ಲಿಂಕ್ಡ್ ಓಪನ್ ವೊಕ್ಯಾಬ್ಯುಲರೀಸ್ ಎಂಬ ತಾಣವಿದೆ. ಪದ ಹಾಕಿದರೆ ಯಾವ ಆಂಟಾಲಜಿಯಲ್ಲಿದೆ, ಅದನ್ನು ಯಾರ್ಯಾರು ಬಳಸಿದ್ದಾರೆ ಎಂದು ತೋರಿಸುತ್ತದೆ. ಜೀವಶಾಸ್ತ್ರ, ಪರಿಸರ, ಆಹಾರ ಇಂಥವಕ್ಕೆ ಯುರೋಪಿನ ಇಬಿಐ ಸಂಸ್ಥೆಯ ಆಂಟಾಲಜಿ ಲುಕಪ್ ಸರ್ವಿಸ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಮ್ಮ ಕೆಲಸಕ್ಕೆ ಬೇಕಾದವು ಇಷ್ಟು. ಜಾಗ ಮತ್ತು ನಕ್ಷೆಗೆ ಜಿಯೋಸ್ಪಾರ್ಕಲ್. ಅಳತೆ, ವೀಕ್ಷಣೆಗೆ ಸೋಸಾ, ಇದು 2017ರ ಮಾನದಂಡ. ಯಾವ ಮಾಹಿತಿ ಯಾರಿಂದ ಬಂತು ಅನ್ನುವುದಕ್ಕೆ 2013ರ ಪ್ರೋವ್-ಓ. ಕಾಲಕ್ಕೆ ಓಡಬ್ಲ್ಯೂಎಲ್-ಟೈಮ್. ಅಳತೆಯ ಮಾನಗಳಿಗೆ ಕ್ಯೂಯುಡಿಟಿ. ಬೆಳೆಗಳಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಗ್ರೋವೋಕ್. ಜಲಮೂಲಗಳ ಬಗೆಗೆ ಎನ್ವೋ ಎಂಬ ಪರಿಸರ ಆಂಟಾಲಜಿ.

ಸಿಕ್ಕಿದ್ದನ್ನೆಲ್ಲ ತರುವ ಮುಂಚೆ ಮೂರು ವಿಷಯ ನೋಡಿ. ಅದರ ವೆಬ್ ವಿಳಾಸ ಇವತ್ತಿಗೂ ತೆರೆಯುತ್ತದೆಯೇ? ಕಳೆದ ಕೆಲವು ವರ್ಷಗಳಲ್ಲಿ ಯಾರಾದರೂ ಅದನ್ನು ತಿದ್ದಿದ್ದಾರೆಯೇ? ಪರವಾನಗಿ ಏನು? ಸ್ಕೀಮಾ ಡಾಟ್ ಆರ್ಗ್‌ನದು ಸಿಸಿ ಬಿವೈ-ಎಸ್‌ಎ (ಮೂಲದ ಹೆಸರು ಹೇಳಿ, ಬದಲಿಸಿದ್ದನ್ನು ಅದೇ ಪರವಾನಗಿಯಲ್ಲಿ ಹಂಚಬೇಕು), ಜಿಯೋನೇಮ್ಸ್‌ನದು ಸಿಸಿ ಬಿವೈ (ಹೆಸರು ಹೇಳಿದರೆ ಸಾಕು), ವಿಕಿಡೇಟಾದ್ದು ಸಿಸಿ0 (ಷರತ್ತೇ ಇಲ್ಲ), ಓಪನ್‌ಸ್ಟ್ರೀಟ್‌ಮ್ಯಾಪ್‌ನದು ಓಡಿಬಿಎಲ್ (ಹೆಸರು ಹೇಳಿ, ಅದರಿಂದ ಮಾಡಿದ ಡೇಟಾಬೇಸನ್ನು ಅದೇ ಪರವಾನಗಿಯಲ್ಲಿ ಹಂಚಬೇಕು). ಪರವಾನಗಿಯ ವಿಷಯ ಬೋರು ಅನ್ನಿಸಬಹುದು. ಆದರೆ ಎಲ್ಲ ಬೆರೆಸಿ ಮುಗಿದ ಮೇಲೆ ಬಿಡಿಸುವುದು ಇನ್ನೂ ಬೋರು.

ಹೆಸರು ನೋಡಿ ಮೋಸ ಹೋಗಬೇಡಿ

ಪದ ಸಿಕ್ಕಿತು ಅಂತ ತಕ್ಷಣ ಬಳಸಬೇಡಿ. ಅದರ ವಿವರಣೆ ಓದಿ, ಮೇಲಿನ ಕ್ಲಾಸ್ ಯಾವುದು ನೋಡಿ.

ಸ್ಕೀಮಾ ಡಾಟ್ ಆರ್ಗ್‌ನಲ್ಲಿ ಪಾಂಡ್ ಎಂಬ ಕ್ಲಾಸ್ ಇದೆ. ವಿವರಣೆ ಏನು ಗೊತ್ತಾ? ಒಂದು ಕೊಳ. ಅಷ್ಟೇ! ಅಲ್ಲೇ ರಿಸರ್ವಾಯರ್ ಎಂಬ ಕ್ಲಾಸ್ ಇದೆ, ಉದಾಹರಣೆಗೆ ಕೊಟ್ಟಿರುವುದು ಆಫ್ರಿಕಾದ ಕರಿಬಾ ಜಲಾಶಯ. ಹುಡುಕು ಯಂತ್ರಗಳಿಗಾಗಿ ಮಾಡಿದ ಪದಕೋಶ ಅದು, ಆ ಕೆಲಸಕ್ಕೆ ಇಷ್ಟು ಸಾಕು. ನಮ್ಮ ಕೆರೆಗೆ ಸಾಲದು. ಎನ್ವೋದ ರಿಸರ್ವಾಯರ್ ಹತ್ತಿರ ಬರುತ್ತದೆ. ಆದರೆ ಎನ್ವೋ ನಿಂತಿರುವುದು ಬಿಎಫ್‌ಓ ಎಂಬ ಮೇಲ್ಮಟ್ಟದ ಆಂಟಾಲಜಿಯ ಮೇಲೆ. ಎನ್ವೋದ ಪದ ತಂದರೆ ಜಗತ್ತನ್ನು ಬಿಎಫ್‌ಓ ವಿಂಗಡಿಸುವ ರೀತಿಯನ್ನೂ ಒಪ್ಪಿಕೊಂಡಂತೆ. ವಸ್ತು ಬೇರೆ, ಘಟನೆ ಬೇರೆ, ಎರಡೂ ಒಂದೇ ಆಗುವಂತಿಲ್ಲ ಅನ್ನುತ್ತದೆ ಅದು.

ಇಂಥ ನಿಯಮ ಎಲ್ಲಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ ಅನ್ನುವುದಕ್ಕೆ ಹೂಳೆತ್ತುವ ಕಾಮಗಾರಿಯನ್ನೇ ನೋಡಿ. ರಿಜಿಸ್ಟರಿನಲ್ಲಿ ಅದಕ್ಕೆ ಒಂದೇ ಸಾಲು: ಕಾಮಗಾರಿ ಹೆಸರು, ಶುರುವಾದ ದಿನ, ಮುಗಿದ ದಿನ, ಅಂದಾಜು ಮೊತ್ತ, ಕಡತದ ಸಂಖ್ಯೆ. ಕಂಪ್ಯೂಟರಿಗೆ ಹಾಕುವಾಗ ಎಲ್ಲರೂ ಆ ಸಾಲಿಗೆ ಒಂದೇ ಐಆರ್‌ಐ ಕೊಟ್ಟುಬಿಡುತ್ತಾರೆ. ಆದರೆ ಪ್ರೋವ್-ಓ ಪ್ರಕಾರ ಆಕ್ಟಿವಿಟಿ, ಅಂದರೆ ನಡೆದ ಕೆಲಸ, ಮತ್ತು ಎಂಟಿಟಿ, ಅಂದರೆ ಇರುವ ವಸ್ತು, ಇವೆರಡೂ ಒಂದಕ್ಕೊಂದು ಹೊರಗಿನವು. ಒಂದೇ ಐಆರ್‌ಐ ಎರಡೂ ಆದರೆ ರೀಸನರ್, ಅಂದರೆ ನಿಯಮಗಳಿಂದ ತರ್ಕ ಮಾಡಿ ನೋಡುವ ತಂತ್ರಾಂಶ, ಅಸಂಗತ ಅಂತ ಕೈ ಎತ್ತಿಬಿಡುತ್ತದೆ. ಜೆಸಿಬಿ ಕೆರೆಗೆ ಇಳಿದು ಹೂಳು ತೆಗೆದದ್ದು ಒಂದು, ಅದರ ಕಡತ ಇನ್ನೊಂದು. ಎರಡು ಐಆರ್‌ಐ ಕೊಡಿ, ನಡುವೆ ಸಂಬಂಧ ಹಾಕಿ. ಹಾಗೆ ಮಾಡಿದರೆ ಕಡತವಿದೆ, ಹೂಳು ಮಾತ್ರ ಅಲ್ಲೇ ಇದೆ ಎನ್ನುವಂಥ ಸಂದರ್ಭವನ್ನೂ ಬರೆದಿಡಬಹುದು. ತಂದ ನಿಯಮ ಇಲ್ಲಿ ನಮಗೆ ಉಪಕಾರವನ್ನೇ ಮಾಡಿತು.

ನೀರುಗಂಟಿಯೂ ಸೆನ್ಸರ್

ಸೋಸಾ ನನಗೆ ತುಂಬ ಇಷ್ಟವಾದ ಆಂಟಾಲಜಿ. ಚಿಕ್ಕದು, ಗೋಜಲಿಲ್ಲ. ಒಂದು ಅಬ್ಸರ್ವೇಶನ್, ಅಂದರೆ ಒಂದು ವೀಕ್ಷಣೆ. ಅದು ಯಾವುದರ ಬಗ್ಗೆ, ಯಾವ ಗುಣವನ್ನು ಅಳೆದದ್ದು, ಯಾರು ಅಥವಾ ಯಾವುದು ಅಳೆಯಿತು, ಫಲಿತಾಂಶ ಏನು, ಯಾವಾಗ. ಇಷ್ಟೇ.

ಅದರಲ್ಲಿ ಸೆನ್ಸರ್ ಅಂದರೆ ಯಂತ್ರವೇ ಆಗಬೇಕೆಂದಿಲ್ಲ. ಮನುಷ್ಯರೂ ಆಗಬಹುದು ಅಂತ ವಿವರಣೆಯಲ್ಲೇ ಬರೆದಿದ್ದಾರೆ. ಹಾಗಾಗಿ ತೂಬಿನ ಕಲ್ಲುಗಂಬದ ಹತ್ತಿರ ನಿಂತು ನೀರು ಎಲ್ಲಿವರೆಗೆ ಇದೆ ಅಂತ ನೋಡಿ ಹೇಳುವ ನೀರುಗಂಟಿಯ ಮಾತನ್ನೂ ಏರಿಯ ಮೇಲೆ ಕೂರಿಸಿದ, ಸೌರಶಕ್ತಿಯಿಂದ ನಡೆಯುವ ನೀರಿನ ಮಾಪಕದ ಲೆಕ್ಕವನ್ನೂ ಒಂದೇ ಅಚ್ಚಿನಲ್ಲಿ ಬರೆಯಬಹುದು. ಬೇಕಾದರೆ ಆಮೇಲೆ ಬೇರೆ ಮಾಡಿಯೂ ನೋಡಬಹುದು. ಒಂದು ವೀಕ್ಷಣೆ ಹೀಗಿರುತ್ತದೆ:

ವೀಕ್ಷಣೆ 1 – ಯಾವುದರ ಬಗ್ಗೆ – ನರಸಾಪುರ ಕೆರೆ
ವೀಕ್ಷಣೆ 1 – ಅಳೆದ ಗುಣ – ನೀರಿನ ಮಟ್ಟ
ವೀಕ್ಷಣೆ 1 – ಅಳೆದವರು – ನೀರುಗಂಟಿ
ವೀಕ್ಷಣೆ 1 – ಫಲಿತಾಂಶ – ತೂಬಿನ ಮೂರನೇ ಕಲ್ಲು

ಕೊನೆಯ ಸಾಲು ಮೀಟರಿನಲ್ಲಿಲ್ಲ ಅಂತ ಚಿಂತೆ ಬೇಡ. ಇದ್ದಂತೆಯೇ ಬರೆದಿಡಿ, ಮೀಟರಿಗೆ ಬದಲಿಸಿದ್ದನ್ನು ಇನ್ನೊಂದು ಫಲಿತಾಂಶವಾಗಿ ಸೇರಿಸಿ. ಮೂಲ ಮಾತನ್ನು ಅಳಿಸಿ ಹಾಕಿದರೆ ಮತ್ತೆ ಸಿಗುವುದಿಲ್ಲ.

ಅಳತೆಯಲ್ಲಿ ನಿಜವಾಗಿ ಎಡವುವುದು ಎಕರೆ-ಗುಂಟೆಯಲ್ಲಿ. ಒಂದು ಎಕರೆಗೆ 40 ಗುಂಟೆ. ರಿಜಿಸ್ಟರಿನಲ್ಲಿ 12-20 ಅಂತ ಇದ್ದರೆ ಹನ್ನೆರಡೂವರೆ ಎಕರೆ. ಸ್ಪ್ರೆಡ್‌ಶೀಟಿಗೆ ಹಾಕಿದವರು ಅದನ್ನು 12.20 ಅಂತ ಬರೆದಿದ್ದರೆ ಪ್ರತಿ ಕೆರೆಯ ಲೆಕ್ಕವೂ ತಪ್ಪು, ಮೇಲ್ನೋಟಕ್ಕೆ ಗೊತ್ತಾಗುವುದೂ ಇಲ್ಲ. ಚುಕ್ಕಿಯ ಆಚೆಗೆ ಎಲ್ಲಿಯೂ 39 ದಾಟದೇ ಇದ್ದರೆ ಅನುಮಾನ ಪಡಿ. ಕ್ಯೂಯುಡಿಟಿಯಲ್ಲಿ ಎಕರೆ ಇದೆ. ಗುಂಟೆ ಸಿಗದಿದ್ದರೆ ನೀವೇ ಒಂದು ಮಾನವಾಗಿ ಸೇರಿಸಿ: 1 ಗುಂಟೆ ಅಂದರೆ 1,089 ಚದರ ಅಡಿ.

ನಕ್ಷೆಗೆ ಬಂದರೆ ಇನ್ನೊಂದು ಹಳ್ಳ. ಜಿಯೋಸ್ಪಾರ್ಕಲ್‌ನಲ್ಲಿ ಬಿಂದುವನ್ನು ಬರೆಯುವಾಗ, ಬೇರೇನೂ ಹೇಳದಿದ್ದರೆ, ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಕೋಲಾರ ಪಟ್ಟಣ ಸುಮಾರು 78.13, 13.13. ಅದಲು ಬದಲು ಮಾಡಿದಿರೋ, ಕೋಲಾರ ಉತ್ತರ ಧ್ರುವದ ಕಡೆ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಹೋಗಿ ಕೂರುತ್ತದೆ. ಕೆರೆಯೂ ಅದರ ಆಕಾರವೂ ಬೇರೆ ಬೇರೆ ಅನ್ನುವುದು ಜಿಯೋಸ್ಪಾರ್ಕಲ್‌ನ ಇನ್ನೊಂದು ನಿಯಮ. ನಮಗಂತೂ ಒಳ್ಳೆಯದೇ ಆಯಿತು. ಒಂದೇ ಕೆರೆಗೆ ಬೇಸಿಗೆಯ ಗಡಿ ಒಂದು, ತುಂಬಿದಾಗಿನ ಗಡಿ ಒಂದು, ಪಹಣಿಯ ಗಡಿ ಮತ್ತೊಂದು ಕೊಡಬಹುದು. ಒತ್ತುವರಿ ಲೆಕ್ಕ ಹಾಕುವವರಿಗೆ ಈ ಮೂರೂ ಬೇಕು.

ಎಷ್ಟು ತರಬೇಕು

ಎನ್ವೋದಲ್ಲಿ ಸಾವಿರಾರು ಪದಗಳಿವೆ. ನಮಗೆ ಬೇಕಿರುವುದು ನಾಲ್ಕೋ ಐದೋ. ಆಂಟಾಲಜಿ ಬರೆಯುವ ತಂತ್ರಾಂಶವಾದ ಪ್ರೊಟೆಜೆಯಲ್ಲಿ ಇಂಪೋರ್ಟ್ ಒತ್ತಿ ಇಡೀ ಫೈಲ್ ಎಳೆದುಕೊಂಡರೆ, ಹೆಪ್ಪಿಗೆ ಒಂದು ಚಮಚ ಮೊಸರು ಬೇಕು ಅಂತ ಪಕ್ಕದ ಮನೆಯ ಹಸುವನ್ನೇ ಹೊಡೆದುಕೊಂಡು ಬಂದ ಹಾಗೆ. ರೀಸನರ್ ಏದುಸಿರು ಬಿಡುತ್ತದೆ, ನಿಮ್ಮ ಕ್ಲಾಸ್‌ಗಳು ಆ ಕಾಡಿನಲ್ಲಿ ಕಾಣಿಸುವುದೇ ಇಲ್ಲ.

ಮೂರು ದಾರಿಗಳಿವೆ. ಸೋಸಾ, ಪ್ರೋವ್-ಓ ಥರದ ಚಿಕ್ಕವನ್ನು ಇಡಿಯಾಗಿ ಇಂಪೋರ್ಟ್ ಮಾಡಿ. ದೊಡ್ಡದರಿಂದ ಬೇಕಾದ ಪದಗಳ ಪಟ್ಟಿ ಕೊಟ್ಟು ಒಂದು ತುಂಡು ಕತ್ತರಿಸಿಕೊಳ್ಳಿ, ಇದಕ್ಕೆ ರೋಬೋಟ್ ಎಂಬ ಉಚಿತ ಸಾಧನವಿದೆ. ಅದರ ಎಕ್ಸ್‌ಟ್ರ್ಯಾಕ್ಟ್ ಆದೇಶದಲ್ಲಿ ಬಿಓಟಿ ವಿಧಾನ ಆರಿಸಿದರೆ ಆ ಪದಗಳ ಬಗ್ಗೆ ಮೂಲದಲ್ಲಿ ಏನೇನು ತರ್ಕಕ್ಕೆ ಸಿಗುತ್ತಿತ್ತೋ ಅದೆಲ್ಲ ತುಂಡಿನಲ್ಲೂ ಸಿಗುತ್ತದೆ. ಮಿರಿಯಾಟ್ ವಿಧಾನ ಆರಿಸಿದರೆ ಫೈಲ್ ಇನ್ನೂ ಚಿಕ್ಕದಾಗುತ್ತದೆ, ಆದರೆ ಮೇಲಿನ ಕ್ಲಾಸ್‌ಗಳ ಏಣಿ ಮಾತ್ರ ಬರುತ್ತದೆ, ನಿಯಮಗಳು ಪೂರ್ತಿ ಬರುವ ಭರವಸೆ ಇಲ್ಲ. ನನ್ನ ಮಟ್ಟಿಗೆ ಬಿಓಟಿಯೇ ಸರಿ. ಮೂರನೆಯದು, ಏನನ್ನೂ ತರದೆ ಐಆರ್‌ಐ ಮಾತ್ರ ಉಲ್ಲೇಖಿಸುವುದು. ಅಗ್ರೋವೋಕ್‌ಗೆ ಇದೇ ಸರಿಯಾದ ದಾರಿ. ಅದು ಓಡಬ್ಲ್ಯೂಎಲ್ ಕ್ಲಾಸ್‌ಗಳ ಆಂಟಾಲಜಿ ಅಲ್ಲ, ಪದಪಟ್ಟಿಗಳನ್ನು ಬರೆಯಲೆಂದೇ ಇರುವ ಸ್ಕಾಸ್ ಎಂಬ ಮಾನದಂಡದಲ್ಲಿ ಬರೆದ ಪದಕೋಶ. ರಾಗಿ, ಟೊಮೆಟೊ, ಹಿಪ್ಪುನೇರಳೆ ಇವೆಲ್ಲ ಅಲ್ಲಿ ಪರಿಕಲ್ಪನೆಗಳು. ನಿಮ್ಮ ಕ್ಲಾಸನ್ನು ಅವುಗಳ ಕೆಳಗೆ ಉಪವರ್ಗವಾಗಿ ಸೇರಿಸಲು ಹೋಗಬೇಡಿ. ಅಚ್ಚುಕಟ್ಟಿನ ಬೆಳೆ ಎಂಬ ಪ್ರಾಪರ್ಟಿಯ ಬೆಲೆಯಾಗಿ ಕೊಡಿ, ಸಾಕು.

ಅಂದಹಾಗೆ, ಆಂಟಾಲಜಿ ಬೇಕು ಅನ್ನುವ ಎಷ್ಟೋ ಜನಕ್ಕೆ ನಿಜವಾಗಿ ಬೇಕಿರುವುದು ಒಂದು ಒಳ್ಳೆಯ ಸ್ಕಾಸ್ ಪಟ್ಟಿ. ನಿಮ್ಮ ಪ್ರಶ್ನೆಗಳಲ್ಲಿ ತರ್ಕವೇ ಇಲ್ಲ, ಹೆಸರು ಹೊಂದಿಸುವುದಷ್ಟೇ ಇದೆ ಅಂದರೆ ಇಲ್ಲಿಗೇ ನಿಲ್ಲಿಸಿ, ಸ್ಕಾಸ್ ಮಾಡಿ ಮುಗಿಸಿ.

ನಮ್ಮ ಭಾಗ

ಈಗ ಪ್ರೊಟೆಜೆ ತೆರೆಯಿರಿ. ಜಲಮೂಲ ಎಂಬ ಕ್ಲಾಸ್ ಮಾಡಿ, ಕೆಳಗೆ ಕೆರೆ, ಕುಂಟೆ, ಕಲ್ಯಾಣಿ. ಕುಂಟೆ ಅಂದರೆ ಸಣ್ಣ ಕೆರೆ ತಾನೇ, ಕೆರೆಯ ಉಪವರ್ಗ ಮಾಡೋಣ ಅನ್ನಿಸುತ್ತದೆ. ಬೇಡ. ಕೆರೆಗೆ ತೂಬು, ಅಚ್ಚುಕಟ್ಟು ಇರುತ್ತವೆ ಅಂತ ನಿಯಮ ಬರೆದ ಮೇಲೆ ಅದು ಎಲ್ಲ ಉಪವರ್ಗಕ್ಕೂ ಇಳಿಯುತ್ತದೆ. ದನ ನೀರು ಕುಡಿಯುವ ಗೋಕುಂಟೆಗೆ ತೂಬು ಎಲ್ಲಿಂದ ತರುವುದು? ಎರಡನ್ನೂ ಅಕ್ಕಪಕ್ಕ ಇಡಿ.

ಕೆರೆಗಳ ಸರಪಳಿ ಈ ಆಂಟಾಲಜಿಯ ಜೀವಾಳ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹರಿಯುವಂತೆ ಹಿಂದಿನವರು ಕಟ್ಟಿದ್ದಾರೆ. ಇದಕ್ಕೆ ಎರಡು ಪ್ರಾಪರ್ಟಿ ಬೇಕು. ನೇರ ಮುಂದಿನ ಕೆರೆಯನ್ನು ತೋರಿಸುವುದು ಒಂದು. ಅದರ ಮೇಲೆ, ಸರಪಳಿಯ ಕೆಳಗಿನ ಎಲ್ಲ ಕೆರೆಗಳನ್ನೂ ತೋರಿಸುವ ಟ್ರಾನ್ಸಿಟಿವ್ ಪ್ರಾಪರ್ಟಿ (ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಇದ್ದರೆ ಒಂದರಿಂದ ಮೂರಕ್ಕೂ ಇದೆ ಅನ್ನುವಂಥದ್ದು) ಇನ್ನೊಂದು. ಒಂದೇ ಪ್ರಾಪರ್ಟಿಯನ್ನು ಟ್ರಾನ್ಸಿಟಿವ್ ಮಾಡಿಬಿಟ್ಟರೆ, ಒಂದು ಕೆರೆಗೆ ಹೆಚ್ಚೆಂದರೆ ಎರಡು ಕೋಡಿ ದಾರಿ ಎಂಬಂಥ ಎಣಿಕೆಯ ನಿಯಮವನ್ನು ಅದರ ಮೇಲೆ ಹಾಕಲು ಓಡಬ್ಲ್ಯೂಎಲ್ ಬಿಡುವುದಿಲ್ಲ.

ಕೋಲಾರದಲ್ಲಿ ಇದಕ್ಕೆ ಇನ್ನೊಂದು ತಿರುವು ಇದೆ. 2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಪೈಪಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಮುಂದಿನ ಕೆರೆಗಳಿಗೆ ಸಾಗಿತು. ಪೈಪಿನ ನೀರನ್ನೂ ಕೋಡಿಯ ನೀರನ್ನೂ ಒಂದೇ ಪ್ರಾಪರ್ಟಿಯಲ್ಲಿ ಬರೆದರೆ ಮಳೆ ನೀರೆಷ್ಟು, ಸಂಸ್ಕರಿಸಿದ ನೀರೆಷ್ಟು ಅಂತ ಯಾರೂ ಕೇಳಲಾರರು. ನೀರು ಕೊಡುತ್ತದೆ ಎಂಬುದು ಮೇಲೆ, ಕೋಡಿಯಿಂದ ಮತ್ತು ಪೈಪಿನಿಂದ ಎಂಬವು ಕೆಳಗೆ. ಹೀಗೆ ಮಾಡಿ.

ಜಿಲ್ಲೆ, ತಾಲ್ಲೂಕನ್ನು ಕೆರೆಗೆ ನೇರವಾಗಿ ಅಂಟಿಸಬೇಡಿ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಯಿತು. ಹಳೆಯ ರಿಜಿಸ್ಟರಿನಲ್ಲಿ ಚಿಂತಾಮಣಿಯ ಕೆರೆ ಕೋಲಾರ ಜಿಲ್ಲೆಯದು, ಈಗಿನದರಲ್ಲಿ ಅಲ್ಲ. ಎರಡೂ ಸರಿಯೇ. ಕೆರೆ, ಜಿಲ್ಲೆ, ಯಾವಾಗಿನಿಂದ ಯಾವಾಗಿನವರೆಗೆ, ಈ ಮೂರನ್ನೂ ಕೂಡಿಸಿದ ಒಂದು ನೋಡ್, ಅಂದರೆ ಬೇರೆಯದೇ ಒಂದು ನಮೂದು, ಮಾಡಿ, ಕಾಲಕ್ಕೆ ಓಡಬ್ಲ್ಯೂಎಲ್-ಟೈಮ್ ಬಳಸಿ.

ಐಆರ್‌ಐಗಳಿಗೆ ಕನ್ನಡ ಅಕ್ಷರ ಬಳಸಬಹುದು, ನಿಯಮ ಒಪ್ಪುತ್ತದೆ. ಆದರೂ ಸಂಖ್ಯೆಯೇ ವಾಸಿ. ಹೆಸರು ಬದಲಾದರೂ ಗುರುತು ಬದಲಾಗುವುದಿಲ್ಲ. ಕನ್ನಡವನ್ನು ಲೇಬಲ್‌ನಲ್ಲಿ ಧಾರಾಳವಾಗಿ ಕೊಡಿ. ನಮ್ಮ ಗಡಿ ಹಳ್ಳಿಗಳಲ್ಲಿ ತೆಲುಗೂ ಮನೆಮಾತು, ಹಾಗಾಗಿ ಕೆರೆಯ ಜೊತೆ ಚೆರುವು ಅನ್ನುವುದೂ ತೆಲುಗಿನ ಭಾಷಾ ಗುರುತಿನೊಂದಿಗೆ ಇರಲಿ. ತಂದ ಪದಗಳಿಗೂ ಕನ್ನಡ ಲೇಬಲ್ ಸೇರಿಸಬಹುದು, ಅದರಿಂದ ತರ್ಕ ಕೆಡುವುದಿಲ್ಲ. ಬೇರೆಯವರ ಕ್ಲಾಸ್‌ಗೆ ಹೊಸ ನಿಯಮ ಹಾಕುವುದು ಮಾತ್ರ ಬೇಡವೇ ಬೇಡ. ಸೋಸಾದ ಸೆನ್ಸರ್ ಎಲ್ಲವೂ ಕೆರೆಯ ಮಾಪಕ ಅಂತ ನೀವು ಬರೆದರೆ, ನಿಮ್ಮ ಫೈಲ್ ಬಳಸಿದವರ ಹತ್ತಿರ ಬೆಂಗಳೂರಿನ ಟ್ರಾಫಿಕ್ ಕ್ಯಾಮೆರಾ ಕೂಡ ಕೆರೆಯ ಮಾಪಕ ಆಗಿಬಿಡುತ್ತದೆ.

ಸಮ ಅನ್ನುವ ಮುಂಚೆ

ನಿಮ್ಮ ಕೆರೆಯನ್ನು ಎನ್ವೋದ ರಿಸರ್ವಾಯರ್‌ಗೆ ಸಮ ಅನ್ನಬೇಡಿ, ಉಪವರ್ಗ ಅನ್ನಿ. ನಮ್ಮ ಕೆರೆಗಳೆಲ್ಲ ಕಟ್ಟಿದ ಜಲಾಶಯಗಳೇ, ಆದರೆ ಜಲಾಶಯಗಳೆಲ್ಲ ಕೆರೆ ಅಲ್ಲ. ಪೂರ್ತಿ ಖಚಿತ ಇಲ್ಲದಿದ್ದರೆ ಸ್ಕಾಸ್‌ನ ಕ್ಲೋಸ್ ಮ್ಯಾಚ್ ಸಾಕು, ಅದು ಹತ್ತಿರ ಅನ್ನುತ್ತದೆ, ತರ್ಕಕ್ಕೆ ಕೈ ಹಾಕುವುದಿಲ್ಲ.

ಎರಡು ಐಆರ್‌ಐಗಳು ಒಂದೇ ವಸ್ತುವಿನವು ಅನ್ನುವ ಸೇಮ್ ಆ್ಯಸ್ ಎಂಬ ಪ್ರಾಪರ್ಟಿಯನ್ನು ಬಳಸುವಾಗ ಕೈ ನಡುಗಬೇಕು. ನರಸಾಪುರ ಊರೂ ಹೌದು, ಅದೇ ಹೆಸರಿನ ಕೆರೆಯೂ ಇದೆ. ಬೇರೊಂದು ತಾಣದಲ್ಲಿ ನರಸಾಪುರ ಅಂತ ಕಂಡ ಕೂಡಲೇ ಕೆರೆಗೆ ಸೇಮ್ ಆ್ಯಸ್ ಹಾಕಿದರೆ ಕೆರೆಗೆ ಜನಸಂಖ್ಯೆ ಬರುತ್ತದೆ, ಊರಿಗೆ ಕೋಡಿ ಬರುತ್ತದೆ.

ಪರೀಕ್ಷೆ

ಪ್ರೊಟೆಜೆಯಲ್ಲಿ ಹರ್ಮಿಟ್ ರೀಸನರ್ ಓಡಿಸಿ. ಯಾವುದಾದರೂ ಕ್ಲಾಸ್ ಕೆಂಪಾದರೆ ಅದಕ್ಕೆ ಸದಸ್ಯರೇ ಇರಲು ಸಾಧ್ಯವಿಲ್ಲ ಅಂತ ಅರ್ಥ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿದರೆ ಯಾವ ನಿಯಮಗಳು ಸೇರಿ ಹಾಗಾಯಿತು ಅಂತ ತೋರಿಸುತ್ತದೆ. ಸಾಮಾನ್ಯವಾಗಿ ಒಂದು ನಿಯಮ ನಿಮ್ಮದು, ಇನ್ನೊಂದು ಹೊರಗಿನಿಂದ ತಂದದ್ದು. ಸಾಮಾನ್ಯ ತಪ್ಪುಗಳನ್ನು ಹಿಡಿಯಲು ಮ್ಯಾಡ್ರಿಡ್‌ನ ತಾಂತ್ರಿಕ ವಿಶ್ವವಿದ್ಯಾಲಯದವರ ಊಪ್ಸ್ ಎಂಬ ಆನ್‌ಲೈನ್ ಸಾಧನವೂ ಇದೆ.

ಆದರೆ ರೀಸನರ್ ಒಪ್ಪಿತು ಅಂದ ಮಾತ್ರಕ್ಕೆ ಡೇಟಾ ಸರಿ ಅಂತಲ್ಲ. ಕೆರೆಗೆ ಒಂದಾದರೂ ತೂಬು ಇರಬೇಕು ಅಂತ ಬರೆದಿದ್ದೀರಿ, ಡೇಟಾದಲ್ಲಿ ತೂಬೇ ಇಲ್ಲ. ಓಡಬ್ಲ್ಯೂಎಲ್ ತುಟಿ ಬಿಚ್ಚುವುದಿಲ್ಲ. ತೂಬು ಎಲ್ಲೋ ಇದೆ, ನನಗೆ ಹೇಳಿಲ್ಲ ಅಷ್ಟೇ ಅಂದುಕೊಳ್ಳುತ್ತದೆ. ಕಾಣೆಯಾದದ್ದನ್ನು ಹಿಡಿಯಲು 2017ರಲ್ಲಿ ಬಂದ, ಡೇಟಾ ತಪಾಸಣೆಯ ಭಾಷೆಯಾದ ಶ್ಯಾಕಲ್ ಬೇಕು. ಆಂಟಾಲಜಿಯಲ್ಲಿ ಅರ್ಥ, ಶ್ಯಾಕಲ್‌ನಲ್ಲಿ ತಪಾಸಣೆ, ಹೀಗೆ ಹಂಚಿ.

ಈಗ ಮೊದಲ ಹಾಳೆ ತೆಗೆಯಿರಿ. ಪ್ರತಿ ಪ್ರಶ್ನೆಯನ್ನೂ ಇಂಥ ಡೇಟಾವನ್ನು ಕೇಳುವ ಭಾಷೆಯಾದ ಸ್ಪಾರ್ಕಲ್‌ನಲ್ಲಿ ಬರೆದು, ನಿಮಗೆ ಚೆನ್ನಾಗಿ ಗೊತ್ತಿರುವ ಐದಾರು ಕೆರೆಗಳ ಡೇಟಾ ಮೇಲೆ ಓಡಿಸಿ. ಸರಪಳಿಯ ಪ್ರಶ್ನೆಗೆ ಪ್ರಾಪರ್ಟಿಯ ಹೆಸರಿನ ಕೊನೆಗೆ ಒಂದು ಪ್ಲಸ್ ಗುರುತು ಹಾಕಿದರೆ ರೀಸನರ್ ಇಲ್ಲದೆಯೂ ಕೆಳಗಿನ ಎಲ್ಲ ಕೆರೆಗಳು ಬರುತ್ತವೆ. ಬಂದ ಉತ್ತರವನ್ನು ಆ ಊರಿನವರಿಗೆ ತೋರಿಸಿ. ಈ ಕೋಡಿ ನೀರು ಆ ಕಡೆಗೆ ಹೋಗಲ್ಲ ಸಾರ್, ರಸ್ತೆ ಮಾಡಿದ ಮೇಲೆ ನಿಂತುಹೋಯ್ತು ಅಂತ ಯಾರಾದರೂ ಹೇಳಿದರೆ, ಆ ಸಂಬಂಧಕ್ಕೂ ಕಾಲಾವಧಿ ಬೇಕು ಅಂತ ಗೊತ್ತಾಗುತ್ತದೆ. ತಂದ ಪದ ಯಾವ ಪ್ರಶ್ನೆಯಲ್ಲೂ ಬಳಕೆಗೆ ಬರಲಿಲ್ಲವೇ? ತೆಗೆದುಹಾಕಿ.

ಹೊರಗೆ ಬಿಡುವಾಗ

ಕಾಲೇಜಿನ ಸರ್ವರ್ ವಿಳಾಸವನ್ನು ಐಆರ್‌ಐ ಮಾಡಬೇಡಿ. ಸರ್ವರ್ ಹೋದ ದಿನ ಎಲ್ಲ ಹೋಗುತ್ತದೆ. ಡಬ್ಲ್ಯೂ3ಐಡಿ ಎಂಬ ಉಚಿತ ಸೇವೆಯಲ್ಲಿ ಕಾಯಂ ವಿಳಾಸ ಪಡೆದು, ಅಲ್ಲಿಂದ ಈಗಿನ ಜಾಗಕ್ಕೆ ತಿರುಗಿಸಿ. ಓದುವವರಿಗೆ ಬೇಕಾದ ಪುಟಗಳನ್ನು ವಿಡೋಕೊ ಎಂಬ ಸಾಧನ ತಾನೇ ಮಾಡಿಕೊಡುತ್ತದೆ, ಲೇಬಲ್ ಮತ್ತು ವಿವರಣೆ ಬರೆದಿದ್ದರೆ. ಇಂಪೋರ್ಟ್ ಮಾಡಿದ ಪ್ರತಿಯೊಂದರ ಆವೃತ್ತಿಯ ಐಆರ್‌ಐ ಬರೆದಿಡಿ, ಇವತ್ತಿನ ಎನ್ವೋ ನಾಳೆ ಹಾಗೇ ಇರುವುದಿಲ್ಲ. ಪದಗಳು ರದ್ದಾಗುತ್ತವೆ, ಬದಲಿ ಪದ ಯಾವುದು ಅಂತ ಅವರೇ ಸೂಚಿಸಿರುತ್ತಾರೆ. ವರ್ಷಕ್ಕೊಮ್ಮೆ ತುಂಡನ್ನು ಮತ್ತೆ ಕತ್ತರಿಸಿ, ರೋಬೋಟ್‌ನ ಡಿಫ್ ಆದೇಶದಿಂದ ಹಳೆಯದರ ಜೊತೆ ಹೋಲಿಸಿ, ಪ್ರಶ್ನೆಗಳನ್ನೆಲ್ಲ ಇನ್ನೊಮ್ಮೆ ಓಡಿಸಿ. ಉತ್ತರ ಬದಲಾಗದಿದ್ದರೆ ಹೊಸ ಆವೃತ್ತಿಗೆ ಹೋಗಿ. ಬದಲಾದರೆ ಕಾರಣ ಸಿಗುವವರೆಗೆ ಹಳೆಯದರಲ್ಲೇ ಇರಿ.